ಎಷ್ಟನೇ ರೊಟ್ಟಿಗೆ ನೋವು ಶುರುವಾಗುತ್ತದೆ?

ಎಳ್ಳಮಾವಾಸ್ಯೆ ಮುಗಿದ ಮೇಲಿನ ಎರಡು ವಾರ ನನ್ನ ಕ್ಲಿನಿಕ್ಕಿಗೆ ಹಲ್ಲಿನವರಿಗಿಂತ ದವಡೆಯವರೇ ಜಾಸ್ತಿ. ಪ್ರತಿ ವರ್ಷವೂ ಹೀಗೆ. ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಉಂಡು, ಸಂಜೆಗೆ ಸೀತನಿ ಮುಕ್ಕಿ, ಮರುದಿನ ಕಬ್ಬು ಸಿಗಿದು, ಮೂರನೇ ದಿನ ಕಿವಿಯ ಮುಂದೆ ಅಂಗೈ ಒತ್ತಿಕೊಂಡು ಬಂದು ಕೂರುತ್ತಾರೆ. ಈ ಸಲ ಪತ್ರಿಕೆಗೆ ಬಂದ ಪತ್ರಗಳಲ್ಲೂ ಅದೇ ಮಾತು. ಅದಕ್ಕೆ ಈ ತಿಂಗಳ ಅಂಕಣ ಪೂರ್ತಿ ದವಡೆ ಕೀಲಿಗೆ, ಅದರಲ್ಲೂ 60 ದಾಟಿದವರ ದವಡೆಗೆ. ನನಗೂ ಈಗ 61. ಆಕಳಿಸಿದರೆ ನನ್ನ ಬಲದವಡೆಯೂ 'ಕಟ್' ಅನ್ನುತ್ತದೆ. ಹೆಸರು ಬೇಡ ಅಂತ ಹೆಚ್ಚಿನವರು ಬರೆದಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ಶರಣು. ನನಗೆ 69 ವರ್ಷ, ನಿವೃತ್ತ ಮಾಸ್ತರ. ಒಂದು ವರ್ಷದಿಂದ ಎಡಗಿವಿ ನೋವು. ಕಿವಿ ಡಾಕ್ಟರಿಗೆ ಮೂರು ಸಲ ತೋರಿಸಿದೆ, ಕಿವಿಯಲ್ಲಿ ಏನೂ ಇಲ್ಲ ಅಂದರು. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಬೆಳಿಗ್ಗೆ ಎದ್ದಾಗ ದವಡೆ ಬಿಗಿ ಇರುತ್ತದೆ, ನಾಷ್ಟಾ ಅರ್ಧ ಆಗುವಷ್ಟರಲ್ಲಿ ಸಡಿಲಾಗುತ್ತದೆ. ಬಾಯಿ ತೆರೆದರೆ ಕರಕರ ಸದ್ದು. ಪಕ್ಕದಲ್ಲಿ ಕೂತ ಮೊಮ್ಮಗನಿಗೂ ಕೇಳಿಸುತ್ತದೆ. 'ಮುತ್ಯಾ, ನಿನ್ ಬಾಯಾಗ ಗಿರಣಿ ನಡದದ' ಅಂತ ನಗುತ್ತಾನೆ. ಹಲ್ಲಿನ ಸೆಟ್ 14 ವರ್ಷದ್ದು. ಎಕ್ಸ್‌ರೇ ತೆಗೆಸಿದರೆ ಕೀಲು ಸವೆದಿದೆ, ಆಪರೇಷನ್ ಬೇಕಾಗಬಹುದು ಅಂದರು. ಬೇಕೇ ಬೇಕಾ? — ಸೇಡಂ

ಉತ್ತರ: ಮಾಸ್ತರೇ, ಮೊಮ್ಮಗ ನನ್ನ ಅರ್ಧ ಕೆಲಸ ಮುಗಿಸಿದ್ದಾನೆ. ದವಡೆಯಲ್ಲಿ 'ಕಟ್' ಅನ್ನುವ ಸದ್ದು ಬೇರೆ, 'ಕರಕರ' ಬೇರೆ. ನಿಮ್ಮದು ಗಿರಣಿ ಸದ್ದು.

ಎರಡೂ ಕಿವಿಯ ಮುಂದೆ ತೋರುಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳ ಕೆಳಗೆ ಗುಂಡಗಿನ ಮೂಳೆಯೊಂದು ಮೊದಲು ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ಅದೇ ದವಡೆ ಕೀಲು. ನಾವು ಡಾಕ್ಟರುಗಳು ಟಿಎಂಜೆ ಅಂತೀವಿ. ಮೊಣಕೈ ಬಾಗಿಲಿನ ಹಾಗೆ ಮಡಚುತ್ತದೆ, ಅಷ್ಟೇ. ದವಡೆ ಮಡಚಿ, ಮತ್ತೆ ಜಾರುತ್ತದೆ. ಅಷ್ಟು ದೊಡ್ಡ ಆಕಳಿಕೆ ಆಗುವುದು ಈ ಜಾರುವಿಕೆಯಿಂದ, ತಂಟೆ ಬರುವುದೂ ಇದರಿಂದಲೇ. ಆ ಗುಂಡು ಮೂಳೆಗೂ ಮೇಲಿನ ಗುಳಿಗೂ ನಡುವೆ ಮೆತ್ತನೆಯ ಒಂದು ಬಿಲ್ಲೆ ಇದೆ. ಸಿಂಬಿ ಅಂದರೆ ನಿಮಗೆ ಬೇಗ ತಿಳಿಯುತ್ತದೆ. ಕೊಡ ಹೊರುವಾಗ ತಲೆಗೂ ಕೊಡಕ್ಕೂ ನಡುವೆ ಇಡುತ್ತಾರಲ್ಲ, ಆ ಸಿಂಬಿ. ಅದು ಮುಂದಕ್ಕೆ ಜರುಗಿದ್ದರೆ, ಬಾಯಿ ತೆರೆಯುವಾಗ ಮೂಳೆ ಮತ್ತೆ ಅದರ ಮೇಲೆ ಹತ್ತಿ ಕೂರುತ್ತದೆ. ಆ ಹತ್ತುವ ಸದ್ದೇ 'ಕಟ್'. ನನ್ನದು ಅದು. 20 ವರ್ಷದಿಂದ ಇದೆ, ನೋವಿಲ್ಲ, ನಾನು ಅದಕ್ಕೆ ಏನೂ ಮಾಡಿಲ್ಲ. ವಯಸ್ಸಾದಂತೆ ಸಿಂಬಿಯೇ ಸವೆದು ತೂತು ಬಿದ್ದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಅದು ಕರಕರ. ಮೊಣಕಾಲಿಗೆ ಬರುವ ಸವಕಳಿ ಸಂಧಿವಾತವೇ ಇಲ್ಲೂ ಬಂದಿದೆ.

ಕಿವಿಗೂ ಇದಕ್ಕೂ ಏನು ಸಂಬಂಧ? ಇಬ್ಬರಿಗೂ ನಡುಗೋಡೆ ಒಂದೇ. ಕಿವಿಯ ಕೊಳವೆಯ ಮುಂದಿನ ಗೋಡೆ ದಾಟಿದರೆ ಕೀಲು. ಒಂದೇ ನರ ಕೀಲಿಗೂ ಕಿವಿಯ ಮುಂಭಾಗಕ್ಕೂ ಹೋಗುತ್ತದೆ. ನೋವಿನ ಸುದ್ದಿ ಮೆದುಳಿಗೆ ಮುಟ್ಟಿದಾಗ ಯಾವ ಮನೆಯಿಂದ ಬಂತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟನ್ ಎಂಬ ಕಿವಿ-ಮೂಗು-ಗಂಟಲು ವೈದ್ಯರು ಇದರ ಬಗ್ಗೆ ಬರೆದರು. ಅವರು ಹಲ್ಲಿನ ಡಾಕ್ಟರ್ ಅಲ್ಲ ನೋಡಿ, ಕಿವಿ ಡಾಕ್ಟರ್. ಹಲ್ಲು ಹೋಗಿ ದವಡೆ ಕುಸಿಯುವುದೇ ಇದಕ್ಕೆಲ್ಲ ಕಾರಣ ಅಂದರು. ಆ ವಾದ ಆಮೇಲೆ ನಿಲ್ಲಲಿಲ್ಲ. ಕಿವಿ ನೋವಿನ ಮೂಲ ದವಡೆಯಲ್ಲಿರಬಹುದು ಅನ್ನುವ ಮಾತು ಮಾತ್ರ ನಿಂತಿತು. ಹಾಗಾಗಿ ನಿಮ್ಮ ಕಿವಿ ಡಾಕ್ಟರು ಏನೂ ಇಲ್ಲ ಅಂದದ್ದು ಸರಿಯೇ. ಬೆಳ್ಳುಳ್ಳಿ ಎಣ್ಣೆ ಇನ್ನು ಸಾಕು ಮಾಡಿ. ಅದು ಕೀಲಿನವರೆಗೆ ಹೋಗುವುದೂ ಇಲ್ಲ, ಕಿವಿ ತಮಟೆ ತೂತಾಗಿದ್ದರೆ ಕೇಡು ಬೇರೆ.

ದವಡೆ ನೋವು ಅಂತ ಬಂದವರಿಗೆ ನಾನು ಮೊದಲು ಬಾಯಿ ತೆರೆಸುವುದಿಲ್ಲ. ಎಷ್ಟನೇ ರೊಟ್ಟಿಗೆ ನೋವು ಶುರುವಾಗುತ್ತದೆ ಅಂತ ಕೇಳುತ್ತೇನೆ. ನಗುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. ಮೊದಲ ತುತ್ತಿಗೆ ಬಿಗಿ, ನಾಲ್ಕು ತುತ್ತು ಒಳಗೆ ಹೋದ ಮೇಲೆ ಸಡಿಲ ಅಂದರೆ ಕೀಲಿನ ಸವಕಳಿ. ಮೊದಲ ರೊಟ್ಟಿಗೆ ಏನಿಲ್ಲ, ಎರಡನೆಯದಕ್ಕೆ ಕಪಾಳ ಸೋತು ಬರುತ್ತದೆ ಅಂದರೆ ಹೆಚ್ಚಾಗಿ ಜಗಿಯುವ ಸ್ನಾಯುಗಳದ್ದು. ಊಟ ಎದುರಿಗೆ ಬಂದ ಕೂಡಲೇ, ಹುಣಸೆ ಚಟ್ನಿ ನೆನೆದರೂ, ದವಡೆಯ ಕೆಳಗೆ ಊದಿ ನೋಯುತ್ತದೆ ಅಂದರೆ ಜೊಲ್ಲು ಗ್ರಂಥಿಯಲ್ಲಿ ಕಲ್ಲಿರಬಹುದು. ಮುಖಕ್ಕೆ ನೀರು ತಾಕಿದರೆ ಸಾಕು, ಕರೆಂಟ್ ಹೊಡೆದ ಹಾಗೆ ಚಳ್ ಅಂದು ಹೋಗುತ್ತದೆ ಅಂದರೆ ನರದ್ದು. ಈ ಒಂದು ಪ್ರಶ್ನೆಯಿಂದ ನನಗೆ ಸಿಗುವಷ್ಟು ಸುದ್ದಿ ಎಷ್ಟೋ ಸಲ ಎಕ್ಸ್‌ರೇಯಿಂದ ಸಿಗುವುದಿಲ್ಲ.

ಎಕ್ಸ್‌ರೇ ಮಾತು ಬಂತಲ್ಲ. 70ರ ಹತ್ತಿರದ ಯಾರ ದವಡೆಯ ಫೋಟೊ ತೆಗೆದರೂ ಸ್ವಲ್ಪ ಸವೆತ ಕಂಡೀತು. ಅವರಲ್ಲಿ ಎಷ್ಟೋ ಜನ ಆರಾಮಾಗಿ ರೊಟ್ಟಿ ತಿನ್ನುತ್ತಿರುತ್ತಾರೆ. ದವಡೆ ಕೀಲಿನ ನೋವು ನಿಜಕ್ಕೂ ಜಾಸ್ತಿ ಕಾಡುವುದು 20ರಿಂದ 40ರ ವಯಸ್ಸಿನವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು. ವಯಸ್ಸಾದಂತೆ ಸದ್ದು ಹೆಚ್ಚುತ್ತದೆ, ನೋವು ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಫೋಟೊ ನೋಡಿ ಆಪರೇಷನ್ ಅಂತ ಹೇಳುವುದು ನನಗೆ ಒಪ್ಪಿಗೆಯಿಲ್ಲ. ನಿಮಗೆ ಆಪರೇಷನ್ ಬೇಡ. ಮುಂದೆ ಎಂದಾದರೂ ಏನೂ ಕೇಳದ ಹಾಗೆ ಹಟ ಹಿಡಿದರೆ ಸೂಜಿ ಹಾಕಿ ಕೀಲು ತೊಳೆಯುವ ಚಿಕಿತ್ಸೆ ಇದೆ. ಕತ್ತರಿಸುವ ಮಾತು ಅದೂ ಆದ ಮೇಲೆ.

ಈಗ ಮಾಡಬೇಕಾದದ್ದು ಇಷ್ಟು. ಮೂರು ವಾರ ಕೀಲಿಗೆ ರಜೆ ಕೊಡಿ. ಖಡಕ್ ರೊಟ್ಟಿ, ಹುರಿದ ಶೇಂಗಾ, ಕಬ್ಬು, ಸೀತನಿ ಬಂದ್. ಬಿಸಿ ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿ ತಿನ್ನಿ. ಬರೀ ಅಂಬಲಿ ಕುಡಿದು ಸೊರಗಬೇಡಿ. ಈ ವಯಸ್ಸಿನಲ್ಲಿ ಇಳಿದ ಮೈ ಮತ್ತೆ ಬರುವುದು ಕಷ್ಟ. ಮೊಸರು, ಹೆಸರು ಬ್ಯಾಳಿ, ತಿನ್ನುವವರಾದರೆ ಮೊಟ್ಟೆ ಇರಲಿ. ಟವೆಲನ್ನು ಬಿಸಿ ನೀರಲ್ಲಿ ಅದ್ದಿ ಹಿಂಡಿ, ಕಿವಿಯ ಮುಂದೆ ಮತ್ತು ಕಪಾಳದ ಮೇಲೆ 15 ನಿಮಿಷ, ದಿನಕ್ಕೆ ಎರಡು ಸಲ ಇಡಿ. ಸಕ್ಕರೆ ಕಾಯಿಲೆ ಇದ್ದರೆ ಬಿಸಿ ಎಷ್ಟಿದೆ ಅಂತ ಮನೆಯವರು ಮೊದಲು ಮುಟ್ಟಿ ನೋಡಲಿ. (ಮೇ ತಿಂಗಳಲ್ಲಿ ಒಬ್ಬರು 'ಕಲಬುರಗಿ ಬಿಸಿಲಿಗಿಂತ ಬ್ಯಾರೆ ಕಾವು ಬೇಕೇನ್ರಿ' ಅಂತ ಕೇಳಿದ್ದರು. ಬೇಕು. ಬಿಸಿಲಿನದು ಒಣ ಕಾವು, ಅದೂ ಟೋಪಿ ಮೇಲೆ.)

ಇನ್ನೊಂದು ಚಟ ಬಿಡಿಸಬೇಕು. ಟಿವಿ ನೋಡುವಾಗ, ಪೇಪರ್ ಓದುವಾಗ ಹಲ್ಲಿಗೆ ಹಲ್ಲು ಕಚ್ಚಿ ಕೂತಿರುತ್ತೀರಾ ಅಂತ ನೋಡಿಕೊಳ್ಳಿ. ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಕುವ ಕೆಲಸವೇ ಇಲ್ಲ. ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ. 'ನ' ಅಂತ ಹೇಳಿ ನಾಲಿಗೆಯನ್ನು ಅಲ್ಲೇ ನಿಲ್ಲಿಸಿ, ಅದೇ ಅದರ ಜಾಗ. ನಾಲಿಗೆ ಅಲ್ಲಿಂದ ಕದಲದಂತೆ, ಕನ್ನಡಿ ಮುಂದೆ, ಗದ್ದ ಆ ಕಡೆ ಈ ಕಡೆ ಹೋಗದಂತೆ ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಒಂದು ಸಲಕ್ಕೆ ಆರು, ದಿನಕ್ಕೆ ಐದಾರು ಸಲ.

ಸೆಟ್ಟಿನ ವಿಷಯ. 14 ವರ್ಷದಲ್ಲಿ ನಿಮ್ಮ ಒಸಡಿನ ಮೂಳೆ ಕರಗಿರುತ್ತದೆ, ಸೆಟ್ಟಿನ ಹಲ್ಲೂ ಸವೆದಿರುತ್ತದೆ. ಬಾಯಿ ಮುಚ್ಚಿದಾಗ ಗದ್ದ ಮೂಗಿನ ಹತ್ತಿರ ಬಂದ ಹಾಗೆ ಕಾಣುತ್ತದಾ? ಬಾಯಿಯ ಮೂಲೆಗಳಲ್ಲಿ ಒಡೆಯುತ್ತದಾ? ಹಾಗಿದ್ದರೆ ಸೆಟ್ಟು ಹಳತಾಯಿತು. ಹೊಸ ಸೆಟ್ಟಿನಿಂದ ಕರಕರ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಆದರೆ ಜಗಿಯುವುದು ಹಗುರಾಗುತ್ತದೆ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ಟು ಉಚಿತ. ಓದುಗರಲ್ಲಿ ಬೇಕಾದವರು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ರಾತ್ರಿ ಸೆಟ್ಟು ತೆಗೆದು ನೀರಲ್ಲಿಟ್ಟು ಮಲಗಿ.

ನೋವಿನ ಗುಳಿಗೆ ಬಗ್ಗೆ ನೀವು ಕೇಳಿಲ್ಲ. ಕೇಳದೆ ತಗೊಳ್ಳುತ್ತಿದ್ದೀರಿ ಅಂತ ನನ್ನ ಅನುಮಾನ! ಮೆಡಿಕಲ್ ಅಂಗಡಿಯ ಡೈಕ್ಲೋಫೆನಾಕ್ ಗುಳಿಗೆ ಬಿಪಿ ಇರುವವರಿಗೆ, ಕಿಡ್ನಿ ಸೋತವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಒಳ್ಳೆಯದಲ್ಲ. ಅದೇ ಔಷಧ ಜೆಲ್ ರೂಪದಲ್ಲಿ ಸಿಗುತ್ತದೆ, ಕಿವಿಯ ಮುಂದೆ ತೆಳ್ಳಗೆ ಹಚ್ಚಬಹುದು. ಅದೂ ನಿಮ್ಮ ಡಾಕ್ಟರನ್ನು ಕೇಳಿ. ನುಂಗಲೇಬೇಕಾದರೆ ಪ್ಯಾರಾಸಿಟಮಾಲ್ ವಾಸಿ. ಎಷ್ಟು, ಎಷ್ಟು ದಿನ ಅನ್ನುವುದನ್ನು ನಿಮ್ಮ ಬಿಪಿ ನೋಡುವ ಡಾಕ್ಟರೇ ಹೇಳಲಿ.

ಪ್ರಶ್ನೆ: ಅಕ್ಕಾವ್ರೇ, ನಮ್ಮ ಅತ್ತೆಗೆ 76. ಬಾಯಲ್ಲಿ ಎರಡೇ ಹಲ್ಲು. ಆಕಳಿಸಿದಾಗ ದವಡೆ ಕೆಳಗಿಳಿದು ಹಾಗೇ ನಿಂತುಬಿಡುತ್ತದೆ. ಬಾಯಿ ಮುಚ್ಚಲು ಬರುವುದಿಲ್ಲ, ಜೊಲ್ಲು ಸುರಿಯುತ್ತದೆ. ಆರು ತಿಂಗಳಲ್ಲಿ ಮೂರು ಸಲ ಆಯಿತು. ಎರಡು ಸಲ ತಾನೇ ಕೂತಿತು. ಮೂರನೇ ಸಲ ಪಕ್ಕದ ಮನೆಯ ಹಿರಿಯರೊಬ್ಬರು ಕಪಾಳಕ್ಕೆ ಹೊಡೆದರೆ ಕೂಡುತ್ತದೆ ಅಂತ ಹೊಡೆದೇಬಿಟ್ಟರು. ಕೂಡಲಿಲ್ಲ, ಆಸ್ಪತ್ರೆಗೆ ಹೋದೆವು. ಮತ್ತೆ ಆದರೆ ಏನು ಮಾಡಲಿ? — ಜೇವರ್ಗಿ

ಉತ್ತರ: ತಂಗಿ, ಮೊದಲು ಆ ಹಿರಿಯರಿಗೆ ಕೈ ಮುಗಿದು ದೂರ ಕೂರಿಸಿ. ಹೊಡೆತಕ್ಕೆ ಕೀಲು ಕೂಡುವುದಿಲ್ಲ. ತೆಳ್ಳಗಾದ ಮುದಿ ಮೂಳೆ ಮುರಿಯಬಹುದು.

ಆಗಿದ್ದು ಇಷ್ಟು. ಮೇಲೆ ಮಾಸ್ತರಿಗೆ ಹೇಳಿದೆನಲ್ಲ, ದವಡೆಯ ಗುಂಡು ಮೂಳೆ ಮುಂದಕ್ಕೆ ಜಾರುತ್ತದೆ ಅಂತ. ಅಲ್ಲಿ ಮುಂದೆ ಒಂದು ಸಣ್ಣ ದಿನ್ನೆ ಇದೆ. ಅತ್ತೆಯವರ ಮೂಳೆ ಜಾರಿ ಆ ದಿನ್ನೆ ದಾಟಿ ಆ ಕಡೆ ಇಳಿಯುತ್ತದೆ. ಸ್ನಾಯುಗಳು ಗಾಬರಿಯಾಗಿ ಬಿಗಿಹಿಡಿಯುತ್ತವೆ, ವಾಪಸ್ ಬರಲು ದಾರಿ ಕೊಡುವುದಿಲ್ಲ. ಹಿಂದಿನ ಹಲ್ಲು ಹೋಗಿ, ಕೀಲಿನ ಕಟ್ಟು ಸಡಿಲಾದ ಹಿರಿಯರಲ್ಲಿ ಇದು ಬೇಗ ಆಗುತ್ತದೆ.

ಕೂಡಿಸುವ ವಿಧಾನ ಹೊಸದಲ್ಲ. ಗ್ರೀಸಿನ ಹಿಪೊಕ್ರೇಟಿಸ್ ಕಾಲದಿಂದ ಹೆಚ್ಚುಕಡಿಮೆ ಅದೇ ಇದೆ. ರೋಗಿಯನ್ನು ತಗ್ಗಿನ ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಹಿಂದೆ ಗೋಡೆಗೆ ಆನಿಸಿ, ಎರಡೂ ಹೆಬ್ಬೆರಳನ್ನು ಕೆಳದವಡೆಯ ತೀರಾ ಹಿಂದೆ ಇಟ್ಟು, ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ತಳ್ಳಬೇಕು. ದಿನ್ನೆ ಇಳಿಸಿ ವಾಪಸ್ ಮನೆಗೆ ಕಳಿಸಿದ ಹಾಗೆ. ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿರಬೇಕು. ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಹೌಸ್ ಸರ್ಜನ್ ಆಗಿದ್ದಾಗ ಮೊದಲ ಸಲ ಒಬ್ಬ ಆಯಿಯ ದವಡೆ ಕೂಡಿಸಿದೆ. ಅವಸರದಲ್ಲಿ ಬಟ್ಟೆ ಸುತ್ತಲಿಲ್ಲ. ಕೂಡುವಾಗ ದವಡೆ ತಟಕ್ಕನೆ ಮುಚ್ಚುತ್ತದೆ. ಆಕೆಯ ಬಾಯಲ್ಲಿ ಉಳಿದಿದ್ದ ಹಲ್ಲು ನಾಲ್ಕೇ. ಆ ನಾಲ್ಕೂ ನನ್ನ ಬಲ ಹೆಬ್ಬೆರಳಿನ ಮೇಲೆ ಕೂತವು. ಬಾಯಿ ಬಂದ ಕೂಡಲೇ ಆಕೆ ಆಡಿದ ಮೊದಲ ಮಾತು, 'ಯವ್ವಾ, ನಾ ಕಡೀಲಿಲ್ಲವ್ವಾ, ಅದೇ ಕಡೀತು.' ಉಗುರಿನ ಪಕ್ಕ ಗುರುತು ಇನ್ನೂ ಇದೆ.

ಇದನ್ನು ಬರೆದದ್ದು ನೀವು ಮಾಡಲಿ ಅಂತಲ್ಲ, ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂತ ಗೊತ್ತಿರಲಿ ಅಂತ. ನಿಮ್ಮ ಕೆಲಸ ಬೇಗ ಕರೆದೊಯ್ಯುವುದು. ಹೊತ್ತು ಹೋದಷ್ಟೂ ಸ್ನಾಯು ಬಿಗಿಯುತ್ತದೆ, ಕೂಡಿಸುವುದು ಕಷ್ಟ. ವಾರಗಟ್ಟಲೆ ಬಿಟ್ಟರೆ ಆಪರೇಷನ್ನೇ ಗತಿಯಾಗಬಹುದು. ದಾರಿಯಲ್ಲಿ ಕುಡಿಯಲು ತಿನ್ನಲು ಏನೂ ಕೊಡಬೇಡಿ. ಜೊಲ್ಲು ಹೊರಗೆ ಹರಿಯಲಿ, ತಲೆ ಮುಂದಕ್ಕೆ ಬಾಗಿರಲಿ. ಕೂಡಿಸಿದ ಮೇಲೆ ಗದ್ದದಿಂದ ನೆತ್ತಿಗೆ ಪಟ್ಟಿ ಕಟ್ಟುತ್ತಾರೆ. ಸೆಕೆ ಅಂತ ಅವರು ಬಿಚ್ಚುತ್ತಾರೆ, ನೀವು ಬಿಡಬೇಡಿ. ಇನ್ನು ಮುಂದೆ ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಒತ್ತಿ ಆಕಳಿಸಲು ರೂಢಿ ಮಾಡಿಸಿ. ದೊಡ್ಡ ತುತ್ತು ಬೇಡ.

ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿ ಡಾಕ್ಟರಿಗೆ ತೋರಿಸಿ. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಔಷಧಗಳು ದವಡೆಯ ಸ್ನಾಯುಗಳನ್ನು ಎಳೆದು ಹೀಗೆ ಮಾಡುವುದುಂಟು.

ಈ ಮಾತು ಎಲ್ಲರಿಗೂ. ಲಕ್ವ ಹೊಡೆದು ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರು ದವಡೆ ಕೆಳಗಿಳಿದದ್ದನ್ನು ಹೇಳಲಾರರು. ಸುಮ್ನೆ ಬಾಯಿ ಬಿಟ್ಟುಕೊಂಡು ಮಲಗಿದ್ದಾರೆ, ಊಟ ಬೇಡ ಅಂತಾರೆ ಅಂತ ಮನೆಯವರು ತಿಳಿಯುತ್ತಾರೆ. ಒಬ್ಬ ಮುತ್ಯಾನನ್ನು 20 ದಿನ ಹೀಗೇ ಇಟ್ಟುಕೊಂಡು ಕರೆತಂದಿದ್ದರು. ಬಾಯಿ ಮುಚ್ಚುತ್ತಿಲ್ಲ, ಗದ್ದ ಮುಂದೆ ಬಂದಿದೆ, ಕಿವಿಯ ಮುಂದೆ ಬೆರಳಿಟ್ಟರೆ ಗುಳಿ ಸಿಗುತ್ತದೆ ಅಂದರೆ ತೋರಿಸಿ. ಒಂದೇ ಕಡೆ ಜಾರಿದ್ದರೆ ಗದ್ದ ಇನ್ನೊಂದು ಕಡೆಗೆ ವಾಲಿರುತ್ತದೆ. ಬಾಯಿ ಸೊಟ್ಟಗಾಗಿ, ಜೊತೆಗೆ ಕೈ ಎತ್ತಲಾಗದೆ, ಮಾತು ತೊದಲಿದರೆ ಅದು ಕೀಲಲ್ಲ, ಹೊಸ ಲಕ್ವ. 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮಸ್ಕಾರ. ನಮ್ಮ ಅವ್ವಗೆ 73. ಹಲ್ಲಿನ ಸೆಟ್ ಎರಡು ವರ್ಷದ ಹಿಂದಿನದು. ಒಂದು ತಿಂಗಳಿಂದ ಅರ್ಧ ರೊಟ್ಟಿ ಆಗುವಷ್ಟರಲ್ಲಿ ದವಡೆ ಸೋಲುತ್ತದೆ. ಎರಡು ನಿಮಿಷ ಸುಮ್ಮನಿದ್ದು ಮತ್ತೆ ತಿನ್ನುತ್ತಾಳೆ, ಮತ್ತೆ ಸೋಲುತ್ತದೆ. ತಲೆ ಬಾಚಿದರೆ ಕಣತಲೆ ನೋವು ಅಂತ ಹಣಿಗೆ ಮುಟ್ಟಿಸಿಕೊಳ್ಳುವುದಿಲ್ಲ. ಜ್ವರ ಬಂದ ಹಾಗೆ ಮೈ ಭಾರ, ತೂಕ ಇಳಿದಿದೆ. ಮೊನ್ನೆಯಿಂದ ಬಲಗಣ್ಣು ಆಗಾಗ ಮಬ್ಬಾಗಿ ಸರಿಯಾಗುತ್ತದೆ ಅಂತಾಳೆ, ಪೊರೆ ಇರಬಹುದು. ಸೆಟ್ ಸರಿ ಮಾಡಿಸಬೇಕಾ? — ಆಳಂದ

ಉತ್ತರ: ಈ ಪತ್ರ ಓದಿ ಅಚ್ಚಾಗುವವರೆಗೆ ನಾನು ಕಾಯಲಿಲ್ಲ. ಕೆಳಗೆ ನಂಬರ್ ಬರೆದಿದ್ದರು, ಪುಣ್ಯ. ಅವತ್ತೇ ಮಗನಿಗೆ ಫೋನ್ ಮಾಡಿ, ಸೆಟ್ ಮನೆಯಲ್ಲಿ ಬಿಟ್ಟು ಅವ್ವನನ್ನು ಈಗಲೇ ಕಲಬುರಗಿಗೆ, ಫಿಸಿಶಿಯನ್ ಹತ್ತಿರ ಕರೆತನ್ನಿ ಅಂದೆ. ಮೈಯಲ್ಲಿ ಉರಿತ ಇದೆಯಾ ಅಂತ ತೋರಿಸುವ ಇಎಸ್‌ಆರ್ ಎಂಬ ರಕ್ತ ಪರೀಕ್ಷೆ 100ರ ಮೇಲಿತ್ತು, ಅಂದರೆ ಬಹಳ ಜಾಸ್ತಿ. ಅವತ್ತು ಸಂಜೆಯೇ ಸ್ಟೆರಾಯ್ಡ್ ಶುರುವಾಯಿತು. ಮರುವಾರ ಮಗ ಫೋನ್ ಮಾಡಿದ್ದರು. ಕಣ್ಣು ಉಳಿದಿದೆ, ಹಣಿಗೆಯನ್ನೂ ಮುಟ್ಟಿಸಿಕೊಳ್ಳುತ್ತಾಳಂತೆ. ಅವರ ಒಪ್ಪಿಗೆ ಕೇಳಿ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದು ಎಲ್ಲರೂ ತಿಳಿದಿರಬೇಕಾದದ್ದು.

ಕಣತಲೆಯ ಮೇಲೆ ಬೆರಳಿಟ್ಟರೆ ಒಂದು ರಕ್ತನಾಳ ಮಿಡಿಯುತ್ತದೆ. 50 ದಾಟಿದವರಲ್ಲಿ, ಹೆಚ್ಚಾಗಿ 70ರ ಆಸುಪಾಸಿನಲ್ಲಿ, ಆ ನಾಳ ಮತ್ತು ಅದರ ಬಳಗದ ನಾಳಗಳು ಉರಿತದಿಂದ ಊದಿ ಒಳಗಿನ ದಾರಿ ಕಿರಿದಾಗುವ ಕಾಯಿಲೆಯೊಂದಿದೆ. ಜೈಂಟ್ ಸೆಲ್ ಆರ್ಟರೈಟಿಸ್ ಅಂತ ಹೆಸರು. ಜಗಿಯುವ ಸ್ನಾಯುವಿಗೆ ರಕ್ತ ಸಾಲದು. ಸುಮ್ಮನಿದ್ದಾಗ ನಡೆಯುತ್ತದೆ, ಜಗಿದರೆ ಸೋಲುತ್ತದೆ, ನಿಲ್ಲಿಸಿದರೆ ಸುಧಾರಿಸುತ್ತದೆ. ಕಣ್ಣಿಗೆ ಹೋಗುವ ನಾಳಕ್ಕೂ ಹೀಗೇ ಆದರೆ ದೃಷ್ಟಿ ಹೋಗುತ್ತದೆ, ಹೋದದ್ದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಉತ್ತರ ಯುರೋಪಿನ ಬಿಳಿಯರಲ್ಲಿ ಜಾಸ್ತಿ, ನಮ್ಮಲ್ಲಿ ಅಪರೂಪ. ನನ್ನ 36 ವರ್ಷದಲ್ಲಿ ನಾನು ಕಂಡದ್ದು ಇದು ಎರಡನೆಯದು. ಅಪರೂಪ ಅಂತಲೇ ಇದನ್ನು ಸೆಟ್ಟಿನ ದೋಷ, ಕೀಲಿನ ದೋಷ, ವಯಸ್ಸಿನ ದೋಷ ಅಂತ ತಳ್ಳಿಬಿಡುತ್ತಾರೆ. ಎರಡನೇ ರೊಟ್ಟಿಗೆ ಸೋತರೆ ಹೆಚ್ಚಾಗಿ ಸ್ನಾಯು ಅಂತ ಮೇಲೆ ಬರೆದೆ. ಆ 'ಹೆಚ್ಚಾಗಿ' ಇರುವುದು ಈ ಕಾಯಿಲೆಗಾಗಿ. ಹಣಿಗೆ ತಾಕಿದರೆ ನೋವು, ಹೊಸ ತಲೆನೋವು, ಕಣ್ಣು ಮಬ್ಬು, ಇವುಗಳಲ್ಲಿ ಒಂದಿದ್ದರೂ ನಾಳೆ ಅನ್ನಬೇಡಿ.

ಮತ್ತೆ ರೊಟ್ಟಿಗೆ ಬರದೆ ನಡಿಗೆಗೆ ಬರುವ ದವಡೆ ನೋವು. ಇದು ನಮ್ಮ ಮನೆಯದೇ. ನಾನು ಇನ್ನೂ ಕಾಲೇಜಿನಲ್ಲಿದ್ದೆ. ಅಪ್ಪ ದಿನಾ ಸ್ಟೇಷನ್ನಿನಿಂದ ಸೂಪರ್ ಮಾರ್ಕೆಟ್ಟಿಗೆ ನಡೆಯುತ್ತಿದ್ದರು. ಅರ್ಧ ದಾರಿಗೆ ಎಡ ಕೆಳದವಡೆ ಹಿಂಡಿದ ಹಾಗೆ ನೋವು. ಯಾವುದಾದರೂ ಅಂಗಡಿ ಕಟ್ಟೆ ಮೇಲೆ ಕೂತರೆ ಹೋಗುತ್ತಿತ್ತು. ಹಲ್ಲಿನದೇ ಅಂತ ಒಂದು ಕಡೆ ತೋರಿಸಿದರು. ಎಲ್ಲಿ, ಯಾರು ಅಂತ ಬೇಡ. ಗಟ್ಟಿಯಿದ್ದ ಎರಡು ದವಡೆ ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಮೂರನೇ ಹಲ್ಲು ಕೀಳಲು ದಿನ ಗೊತ್ತಾಗಿತ್ತು, ಅದಕ್ಕೆ ಎರಡು ದಿನ ಮೊದಲು ಹೃದಯಾಘಾತ. ಬದುಕಿದರು. ಆಮೇಲೆ 11 ವರ್ಷ ಎಡಗಡೆ ಜಗಿಯದೆ ಬಲಗಡೆಯೇ ಉಂಡರು. ಆ ಎರಡು ಹಲ್ಲು ನಾಷ್ಟಾದ ಡಬ್ಬಿಯಲ್ಲಿ ಎಷ್ಟೋ ವರ್ಷ ಇದ್ದವು, ಒಂದಕ್ಕೂ ಹುಳುಕಿರಲಿಲ್ಲ. ನಡೆದರೆ, ಮೆಟ್ಟಿಲು ಹತ್ತಿದರೆ ಬಂದು, ನಿಂತರೆ ಹೋಗುವ ದವಡೆ ನೋವಿಗೆ ಮೊದಲು ಇಸಿಜಿ. ಕಲಬುರಗಿಯಲ್ಲಿ ಈಗ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಅಪ್ಪನ ಕಾಲದಲ್ಲಿ ಇರಲಿಲ್ಲ. ಬೆವರು, ಎದೆ ಭಾರ ಜೊತೆಗಿದ್ದರೆ ಕಟ್ಟೆ ಮೇಲೂ ಕೂರಬೇಡಿ, ನೇರ ಹೋಗಿ.

ಪ್ರಶ್ನೆ: ಮೇಡಂ, ನನಗೆ 63. ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವನು. ದವಡೆ ಕೀಲು ಬಿಗಿದು ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ. ಖಾರ ತಿಂದರೆ ಉರಿ. ಗುಟ್ಕಾ 25 ವರ್ಷದಿಂದ ಇದೆ, ಈಗ ಕಡಿಮೆ ಮಾಡಿದ್ದೇನೆ. ಕೀಲಿಗೆ ವ್ಯಾಯಾಮ ತಿಳಿಸಿ. — ಶಹಾಬಾದ್

ಉತ್ತರ: ಅಣ್ಣಾವ್ರೇ, ಇದು ಕೀಲಲ್ಲ ಅಂತ ನನ್ನ ಅಂದಾಜು. ನಮ್ಮ ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯಲ್ಲಿ ಹಿಡಿಯಬೇಕು, ಸುಮಾರು 40 ಮಿಲಿಮೀಟರ್. ನಿಮ್ಮದು ಎರಡು ಬೆರಳೂ ಇಲ್ಲ. ಖಾರಕ್ಕೆ ಉರಿ ಬೇರೆ. ಅಡಿಕೆಯಿಂದ ಕಪಾಳದ ಒಳಪದರ ಚರ್ಮದ ಹಗ್ಗದ ಹಾಗೆ ಗಟ್ಟಿಯಾಗಿ ಬಾಯಿ ಕಟ್ಟಿಕೊಳ್ಳುತ್ತದೆ. ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟು ಕಪಾಳ ಹಿಡಿದು ನೋಡಿ, ಒಳಗೆ ಪಟ್ಟಿಗಳು ಸಿಗುತ್ತವೆ. ಇದು ಕ್ಯಾನ್ಸರಿಗೆ ತಿರುಗಬಲ್ಲದು. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ, ಎರಡೂ ನಿಮ್ಮ ಬಾಯಲ್ಲಿ ಸೇರುತ್ತವೆ. ಕಡಿಮೆ ಅಲ್ಲ, ಪೂರ್ತಿ ಬಿಡಬೇಕು, ತಂಬಾಕಿಲ್ಲದ ಬರೀ ಅಡಿಕೆಯನ್ನೂ. ವ್ಯಾಯಾಮ ಆಮೇಲೆ. ಈ ವಾರವೇ ಯಾವುದಾದರೂ ಡೆಂಟಲ್ ಕಾಲೇಜಿಗೆ ಹೋಗಿ, ಒಳಗೆ ಬಿಳಿ ಮಚ್ಚೆ ಅಥವಾ ವಾಸಿಯಾಗದ ಹುಣ್ಣು ಇದೆಯಾ ಅಂತ ನೋಡಿಸಿ. ಕಲಬುರಗಿಯಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ.

ಪ್ರಶ್ನೆ: ದವಡೆ ಕಟ್ ಅನ್ನದಂತೆ ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ಗಾರ್ಡ್ ಆನ್‌ಲೈನಿನಲ್ಲಿ ತರಿಸಲಾ? ವಯಸ್ಸು 66, ನೋವಿಲ್ಲ. — ಚಿತ್ತಾಪುರ

ಉತ್ತರ: ನೋವಿಲ್ಲ ಅಂದ ಮೇಲೆ ಯಾಕೆ? ದುಡ್ಡು ಉಳಿಸಿ. ಗಾರ್ಡ್ ಬೇಕಾಗುವುದು ರಾತ್ರಿ ಹಲ್ಲು ಕಡಿಯುವವರಿಗೆ, ಅದೂ ಬಾಯಿಯ ಅಚ್ಚು ತೆಗೆದು ಮಾಡಿದ್ದು.

ಪ್ರಶ್ನೆ: ಕೀಲು ಸವೆದಿದೆ ಅಂತ ನಾಲ್ಕು ತಿಂಗಳಿಂದ ಮೆತ್ತಗಿನದೇ ತಿನ್ನುತ್ತಿದ್ದೇನೆ. ನೋವು ಹೋಗಿದೆ. ನನಗೆ 71. ಖಡಕ್ ರೊಟ್ಟಿ ಇನ್ನು ಈ ಜನ್ಮದಲ್ಲಿ ಇಲ್ಲವಾ? — ಅಫಜಲಪುರ

ಉತ್ತರ: ಇದೆ ರೀ! ನಾಲ್ಕು ತಿಂಗಳು ಯಾರು ಹೇಳಿದರು? ನೋವು ಹೋಗಿ ಎರಡು ವಾರವಾದರೆ ನಿಧಾನವಾಗಿ ಶುರು ಮಾಡಬೇಕು, ಇಲ್ಲವಾದರೆ ಸ್ನಾಯು ಸೋಮಾರಿಯಾಗುತ್ತದೆ. ಮೊದಲ ವಾರ ಬಿಸಿ ರೊಟ್ಟಿ, ಸಣ್ಣ ಸಣ್ಣ ಚೂರು ಮಾಡಿ, ಎರಡೂ ಕಡೆ ಜಗಿಯಿರಿ. ಆಮೇಲೆ ಖಡಕ್ ರೊಟ್ಟಿ. ಮುಂದಿನ ಹಲ್ಲಿನಿಂದ ಕಟುಂ ಅಂತ ಮುರಿಯಬೇಡಿ, ಕೈಯಿಂದ ಮುರಿದು ಎಣ್ಣೆಗಾಯಿ ರಸದಲ್ಲೋ ಮೊಸರಲ್ಲೋ ಅದ್ದಿ. ನಾನು ಮೊಸರು ಮತ್ತು ಶೇಂಗಾ ಹಿಂಡಿಯಲ್ಲಿ ಅದ್ದುತ್ತೇನೆ, ಹತ್ತು ಎಣಿಸುವಷ್ಟರಲ್ಲಿ ಹದಕ್ಕೆ ಬರುತ್ತದೆ. ಎಷ್ಟನೇ ರೊಟ್ಟಿಗೆ ನೋವು ಬಂತು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.